ಭಜಿಯಲ್ಲ, ಭಾಜಿ

1973ರ ನವೆಂಬರ್‌ನಲ್ಲಿ ನಾನು ಮುಂಬಯಿಯ ಭಾಂಡುಪ್‌ನಲ್ಲಿ, ಕಾರ್ಖಾನೆಗಳ ಹಿಂದಿನ ಒಂದು ಚಾಳಿನಲ್ಲಿ ಖಾನಾವಳಿ ನಡೆಸುತ್ತಿದ್ದೆ. ಬೋರ್ಡು, ಮೇಜು, ಕುರ್ಚಿ ಏನೂ ಇರಲಿಲ್ಲ. ಎರಡು ಕೋಣೆಯ ಮನೆ. ಒಳಗೆ ಸ್ಟವ್, ಹೊರಗೆ ನೆಲದ ಮೇಲೆ ಹಾಸಿದ ದಸ್ತರ್‌ಖಾನ್, ಅಂದರೆ ಊಟದ ಬಟ್ಟೆ. ಅದರ ಸುತ್ತ ಹನ್ನೊಂದು ಗಂಡಸರು ಎರಡು ಹೊತ್ತು ಉಣ್ಣುತ್ತಿದ್ದರು. ಎಲ್ಲರೂ ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮ ಜನ. ನಮ್ಮ ಮನೆಯವರು ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು.

ಆ ವರ್ಷ ಎಲ್ಲವೂ ತುಟ್ಟಿ. ರೇಷನ್ ಅಂಗಡಿಯಲ್ಲಿ ಅಕ್ಕಿ ಸಾಲದೆ, ಮಿಲೊ ಎಂಬ ಪರದೇಶದ ಕೆಂಪು ಜೋಳ ಕೊಡುತ್ತಿದ್ದರು. ಅದರ ರೊಟ್ಟಿ ಬಿರುಕು ಬಿಡುತ್ತಿತ್ತು, ವಾಸನೆಯೂ ಬೇರೆ. ಊಟದವರಿಂದ ಹೆಚ್ಚು ಕೇಳುವಂತಿರಲಿಲ್ಲ. ಅವರೂ ಊರಿಗೆ ಮನಿಯಾರ್ಡರ್ ಮಾಡಿ ಉಳಿದದ್ದರಲ್ಲೇ ಬದುಕುತ್ತಿದ್ದರು. ಆದರೂ ಬಿಸ್ಮಿಲ್ಲಾ ಎಂದು ಹೊತ್ತಿಸಿದ ನನ್ನ ಸ್ಟವ್ ಮೇಲೆ ಒಂದು ದಿನವೂ ಖಾಲಿ ಪಾತ್ರೆ ಕೂರಲಿಲ್ಲ. ಅದನ್ನೇ ನಾನು ಅಲ್ಲಾಹನ ಮೆಹರ್ಬಾನಿ ಎಂದುಕೊಳ್ಳುತ್ತಿದ್ದೆ.

ಹನ್ನೊಂದು ಜನರಲ್ಲಿ ಕಿರಿಯವನು ದಸ್ತಗೀರ. ಮುಂಬಯಿಗೆ ಬಂದು ವರ್ಷವೂ ಆಗಿರಲಿಲ್ಲ. ನಮ್ಮ ಮನೆಯವರ ಕಾರ್ಖಾನೆಯಲ್ಲೇ ಟೆಂಪರರಿ. ಪರ್ಮನೆಂಟ್ ಮಾಡಲು ಕರೆದಾಗ ಮೆಡಿಕಲ್‌ನಲ್ಲಿ ಫೇಲಾದ. ಹೆಮೊಗ್ಲೋಬಿನ್, ಅಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಅಂಶ, ಎಂಟೂವರೆ ಇತ್ತು. ತೂಕ ನಲವತ್ತನಾಲ್ಕು ಕಿಲೊ. ರಕ್ತ ಹನ್ನೆರಡಾದರೂ ಆಗಬೇಕೆಂದು ಕಂಪನಿಯ ಡಾಕ್ಟರು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು, ಫೆಬ್ರವರಿಯಲ್ಲಿ ಇನ್ನೊಮ್ಮೆ ನೋಡುತ್ತೇನೆಂದರು. ಅದೇ ಕೊನೆಯ ಅವಕಾಶ. ಪಾಸಾದರೆ ಊರಿನಿಂದ ಹೆಂಡತಿ ಶಮೀಮಳನ್ನೂ, ತಾನು ಒಂದೇ ಸಲ ನೋಡಿದ್ದ ಮಗಳನ್ನೂ ಕರೆತರಬಹುದು. ಫೇಲಾದರೆ ಪೆಟ್ಟಿಗೆ ಕಟ್ಟಬೇಕು.

ನವೆಂಬರ್ ಮುಗಿಯುತ್ತಾ ಬಂದರೂ ಅವನ ಮುಖಕ್ಕೆ ಬಣ್ಣ ಬರಲಿಲ್ಲ. ಬದಲಿಗೆ, ಸಂಜೆಯ ಊಟದಲ್ಲಿ ಅರ್ಧ ರೊಟ್ಟಿ ಮುರಿದು ಏಳಲು ಶುರುಮಾಡಿದ. ಒಂದು ದಿನ ನಾನು ಬಾಗಿಲಿಗೆ ಅಡ್ಡ ನಿಂತೆ.

“ಯಾಕೋ, ನನ್ನ ಅಡಗಿ ಸೇರವಲ್ದೇನು?”

“ಹಂಗಲ್ರಿ ಆಪಾ. ಗೇಟಿನ ಕಡೆ ಭಜಿ ತಿಂದ್ ಬಂದೀನಿ. ಹೊಟ್ಟಿ ತುಂಬೇತಿ.”

“ದಿನಾ ಭಜಿ ತಿಂತಿ?”

“ದವಾ ಇದ್ದಂಗ್ರಿ ಅದು. ಡಾಕ್ಟರ್ ಸಾಹೇಬ್ರು ಹೇಳ್ಯಾರ, ರೋಜ್ ಭಾಜಿ ಖಾ, ಭರಪೂರ್ ಖಾ ಅಂತ. ಎದಿ ಉರೀತೈತಿ, ಆದ್ರೂ ಬಿಟ್ಟಿಲ್ಲ ನಾ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಭಜಿ ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು. ಮರಾಠಿಯವರು ಮೊದಲ ಅಕ್ಷರ ಎಳೆದು ಭಾಜಿ ಎಂದರೆ ಅದು ಕಾಯಿಪಲ್ಯ, ಸೊಪ್ಪು. ಸಂತೆಗೆ ಹೋಗಿ ಸೊಪ್ಪು ಕೊಂಡು ಗೊತ್ತಿಲ್ಲದ ಹುಡುಗ ಡಾಕ್ಟರ ಮಾತನ್ನು ಹಾಗೇ ಒಪ್ಪಿಸುತ್ತಿದ್ದ, ಆ ಎಳೆತದ ಅರ್ಥ ಮಾತ್ರ ಹೊಳೆದಿರಲಿಲ್ಲ. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. “ದೀರ್ಘ ಐತೋ ಅದಕ್ಕ! ಭಾ, ಭಾ!” ಎಂದು ಕೂಗಿದೆ.

ಮೂಲೆಯಲ್ಲಿ ಉಣ್ಣುತ್ತಿದ್ದ ಇಮಾಮಸಾಬರಿಗೆ ನಗು ಬಂದು ನೆತ್ತಿಗೇರಿತು. ಅವರು ಹಳೆಯ ಟರ್ನರ್, ಎಲ್ಲರಿಗಿಂತ ಹಿರಿಯರು, ಬಾಯಿ ಮಾತ್ರ ಇನ್ನೂ ಹರೆಯದ್ದು. “ಒಂದು ದೀರ್ಘದಾಗ ನೌಕರಿ ಹೊಂಟಿತ್ತಲೇ ಹುಚ್ಚಪ್ಯಾಲಿ!” ಎಂದರು. ಎಲ್ಲರೂ ನಕ್ಕರು. ದಸ್ತಗೀರ ನಗಲಿಲ್ಲ. “ಹಂಗಾರ ಇಷ್ಟ್ ದಿನ ಹಾಳಾತೇನ್ರಿ ಆಪಾ?” ಎಂದ. ಅವನ ಧ್ವನಿ ಕೇಳಿ ಉಳಿದವರ ನಗುವೂ ನಿಂತಿತು.

ಮರುದಿನ ನಮ್ಮ ಮನೆಯವರನ್ನು ಕರೆದುಕೊಂಡು ನಾನೇ ಡಾಕ್ಟರ ಹತ್ತಿರ ಹೋದೆ. ವಿಷಯ ಕೇಳಿ ಅವರು ಹಣೆ ಹಿಡಿದುಕೊಂಡರು. “ಬಾಯಿ, ಮೀ ಪಾಲೇಭಾಜಿ ಸಾಂಗಿತಲಿ, ಭಜಿ ನಾಹೀ!” ಹಸಿರು ಸೊಪ್ಪು ಹೇಳಿದ್ದೆ, ಕರಿದದ್ದಲ್ಲ ಎಂದು. ಆಮೇಲೆ ಸಮಾಧಾನವಾಗಿ ತಿಳಿಸಿಕೊಟ್ಟರು: ದಿನಾ ಸೊಪ್ಪು, ಕಾಳು; ಮೇಲೆ ಲಿಂಬೆ ಹಿಂಡಬೇಕು, ಆಗ ಕಬ್ಬಿಣಾಂಶ ಮೈಗೆ ಹತ್ತುತ್ತದೆ; ಊಟದ ಜೊತೆಗಾಗಲಿ ಗುಳಿಗೆಯ ಜೊತೆಗಾಗಲಿ ಚಹಾ ಕೂಡದು. ನಮ್ಮ ಹುಡುಗ ಗುಳಿಗೆಯನ್ನು ನುಂಗುತ್ತಿದ್ದದ್ದೇ ಚಹಾದಲ್ಲಿ.

ಇನ್ನು ನನ್ನ ಕೆಲಸ. ಒಂದೇ ದಸ್ತರ್‌ಖಾನ್ ಮೇಲೆ ಒಬ್ಬನಿಗೊಂದು, ಉಳಿದವರಿಗೊಂದು ಬಡಿಸುವುದು ನನಗೆ ಒಗ್ಗದು. ಹಾಗಾಗಿ ಉಂಡರೆ ಎಲ್ಲರೂ ಸೊಪ್ಪು ಉಣ್ಣಬೇಕು, ಅದೂ ಹಳೆಯ ಖರ್ಚಿನಲ್ಲೇ. ಅಲ್ಲಾಹನ ಕೃಪೆ, ಆಗ ಹೂಕೋಸಿನ ಕಾಲ. ಸ್ಟೇಷನ್ ಹತ್ತಿರದ ಸಂತೆಯಲ್ಲಿ ಭಾಜಿವಾಲಿಯರು ಹೂಕೋಸಿನ ಎಲೆ ಮುರಿದು, ಮೂಲಂಗಿಯ ಸೊಪ್ಪು ಕಿತ್ತು ಪಕ್ಕಕ್ಕೆ ಎಸೆಯುತ್ತಿದ್ದರು. ನಾನು ಒಬ್ಬಳಿಂದ ನಾಲ್ಕಾಣೆಯ ಕೆಂಪು ಹರಿವೆ ಕೊಂಡು, ಎಸೆಯುವ ಎಲೆಗಳಿಗಾಗಿ ಚೀಲ ಹಿಡಿದೆ. ಅವಳು ಕೇಳಿದಳು:

“ಕಾಯ್ ಬಾಯಿ, ಘರಾತ್ ಬಕರಿ ಆಹೇ ಕಾ?” ಮನೆಯಲ್ಲಿ ಆಡು ಸಾಕಿದ್ದೀಯಾ ಎಂದು.

“ಅಕರಾ ಆಹೇತ್,” ಎಂದೆ. ಹನ್ನೊಂದಿವೆ.

ಈ ಮಾತು ಚಾಳಿಗೆ ನನಗಿಂತ ಮೊದಲೇ ತಲುಪಿತ್ತು. ಸಂಜೆ ಇಮಾಮಸಾಬರು ಚಪ್ಪಲಿ ಬಿಡುವಾಗಲೇ “ಮ್ಯಾ...” ಎಂದರು. “ಬೇಟಿ, ಬಕ್ರೀದ್ ಹತ್ರ ಬಂತಂತ ನಮ್ಮನ್ನ ಮೇಯಿಸಾಕತ್ತೀಯೇನ?”

ನಗೆಯ ಹಿಂದೆ ಸಿಟ್ಟೂ ಇತ್ತು. ದುಡಿದು ಬಂದ ಗಂಡಸರ ತಟ್ಟೆಗೆ ದಿನವೂ ಹಸಿರೇ ಬಿದ್ದರೆ ಯಾರು ಸಹಿಸುತ್ತಾರೆ? ಇಬ್ಬರು ಬೇರೆ ಖಾನಾವಳಿ ನೋಡಿಕೊಳ್ಳುತ್ತೇವೆ ಎಂದರು. ಬಕ್ರೀದ್‌ವರೆಗೆ ಸಬರ್ ಮಾಡಿ ಎಂದು ಕೇಳಿಕೊಂಡೆ. ಅವರು ಹೋದರೆ ನನ್ನ ಲೆಕ್ಕ ತಪ್ಪುತ್ತಿತ್ತು. ಸೊಪ್ಪು ನಿಲ್ಲಿಸಿದರೆ ದಸ್ತಗೀರನ ಕಥೆ ಮುಗಿಯುತ್ತಿತ್ತು. ಆ ದಿನಗಳಲ್ಲಿ ನಮಾಜಿನ ನಂತರ ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ: ಯಾ ಅಲ್ಲಾಹ್, ನನ್ನ ಕೈಗೆ ರುಚಿ ಕೊಡು.

ರುಚಿಗೆ ಪೂರಾ ದುಡಿದೆ. ಹೂಕೋಸಿನ ಎಲೆಯ ದಪ್ಪ ದಂಟು ತೆಗೆದು, ಸಣ್ಣಗೆ ಹೆಚ್ಚಿ, ಬಳ್ಳೊಳ್ಳಿ ಒಗ್ಗರಣೆಗೆ ಹಾಕಿ, ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸುತ್ತಿದ್ದೆ. ಮಡಿಕೆ ಕಾಳು ಮೊಳಕೆ ಕಟ್ಟಿ ಉಸುಳಿ. ಮಿಲೊ ಹಿಟ್ಟಿಗೆ ಸಜ್ಜೆ ಬೆರೆಸಿ ಬಿಸಿನೀರಲ್ಲಿ ನಾದಿದರೆ ರೊಟ್ಟಿ ಬಿರಿಯುವುದಿಲ್ಲವೆಂದು ಕಂಡುಕೊಂಡೆ. ಸಂಜೆ ಗೇಟಿನ ಭಜಿಯ ಬದಲು ದಸ್ತಗೀರನ ಕಿಸೆಗೆ ಶೇಂಗಾ, ಬೆಲ್ಲ. ಶುಕ್ರವಾರ ಮಾತ್ರ ಮಾಂಸದ ಅಡುಗೆ. ಕಲೇಜಿ, ಅಂದರೆ ಯಕೃತ್ತು, ತುಟ್ಟಿಯಾದರೆ ತಿಲ್ಲಿ, ಅಂದರೆ ಗುಲ್ಮ. ಕಸಾಯಿ ಅಗ್ಗಕ್ಕೆ ಕೊಡುತ್ತಿದ್ದ. ಅದನ್ನು ಹಂಚಿನ ಮೇಲೆ ಸುಟ್ಟು, ಮೇಲಿನ ಪೊರೆ ಸುಲಿದು, ಮೆಣಸು ಹಾಕಿ ಹುರಿದರೆ ರಕ್ತ ಕಡಿಮೆಯಾದವರಿಗೆ ಒಳ್ಳೆಯದೆಂದು ನನ್ನ ಅಮ್ಮಿ ಹೇಳುತ್ತಿದ್ದಳು.

ಬಕ್ರೀದ್ ಬಂದು ಹೋಯಿತು. ಯಾರೂ ಬಿಟ್ಟುಹೋಗಲಿಲ್ಲ. ಕಾರಣ ಇಮಾಮಸಾಬರ ಬಾಯಿಂದಲೇ ಹೊರಬಿತ್ತು. ಚಾಳಿನಲ್ಲಿ ಎಲ್ಲರಿಗೂ ಸೇರಿ ನಾಲ್ಕೇ ಸಂಡಾಸ್, ಬೆಳಿಗ್ಗೆ ಉದ್ದನೆಯ ಲೈನು. “ಬೇಟಿ, ಹತ್ತು ವರ್ಷದಿಂದ ನಾ ಒಳಗ ಹೋದ್ರ ಹೊರಗ ನಿಂತವ್ರು ಬಾಗಿಲಾ ಬಡೀತಿದ್ರು. ಈಗ ಅವ್ರ ತಂಬಿಗಿ ತುಂಬೂದ್ರೊಳಗ ನಾ ಹೊರಗ!” ಎಂದು ದಸ್ತರ್‌ಖಾನ್ ಮೇಲೆಯೇ ಸಾರಿದರು. ಉಣ್ಣುವಾಗ ಇದೇನು ಮಾತು ಎಂದು ಬೈದೆ. ಒಳಗೊಳಗೆ ಅಲ್ಲಾಹನಿಗೆ ಶುಕ್ರ್ ಎಂದೆ. ಅಂದಿನಿಂದ ಸೊಪ್ಪಿನ ಪಾತ್ರೆ ಮೊದಲು ಖಾಲಿಯಾಗುತ್ತಿತ್ತು.

ಫೆಬ್ರವರಿಯಲ್ಲಿ ಮೆಡಿಕಲ್ ಆಯಿತು. ಆ ದಿನ ನನ್ನ ಹಿಟ್ಟು ನಾದಿದಷ್ಟೂ ಗಟ್ಟಿಯಾಯಿತು. ಕೈ ಒಂದು ಕಡೆ, ಕಿವಿ ಬಾಗಿಲ ಕಡೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಓಡಿ ಬರುವ ಹೆಜ್ಜೆ ಕೇಳಿಸಿತು. ಮೂರು ತಿಂಗಳ ಹಿಂದೆ ಇದೇ ಮೆಟ್ಟಿಲು ಹತ್ತಿ ಕಟಕಟೆ ಹಿಡಿದು ನಿಲ್ಲುತ್ತಿದ್ದ ಹುಡುಗ.

“ಆಪಾ, ಪಾಸ್! ಹನ್ನೆರಡು ಪಾಯಿಂಟ್ ಎರಡು! ತೂಕ ಐವತ್ತು!”

ಡಾಕ್ಟರು ಏನು ತಿಂದೆ ಎಂದು ಕೇಳಿದರಂತೆ. ಇವನು ಇಡೀ ದವಾಖಾನೆಗೆ ಕೇಳುವ ಹಾಗೆ “ಭಾ...ಜಿ” ಎಂದನಂತೆ. ನಾನು ಹಿಟ್ಟಿನ ಕೈಯಲ್ಲೇ ಅವನ ತಲೆ ಸವರಿದೆ. ಪಕ್ಕದ ಮನೆಗಳವರು ಹೊರಗೆ ಬಂದರು. ಇಮಾಮಸಾಬರು ಸ್ವಂತ ಹಣದಲ್ಲಿ ಜಿಲೇಬಿ ತಂದರು. ಅವರ ಕೈ ಬಿಗಿ ಬಲ್ಲವರಿಗೆ ಅದೂ ಒಂದು ಕರಾಮತ್ತೇ.

ಏಪ್ರಿಲ್‌ನಲ್ಲಿ ಶಮೀಮ ಮಗಳೊಂದಿಗೆ ಬಂದಳು. ಮುಂದಿನ ಚಾಳಿನಲ್ಲೇ ಕೋಣೆ ಸಿಕ್ಕಿತು. ದಸ್ತಗೀರ ಸಂಕೋಚದಿಂದ ಬಾಗಿಲಲ್ಲಿ ನಿಂತು, “ಆಪಾ, ನಾಳಿಂದ ಊಟಕ್ಕ ಬರೂದಿಲ್ರಿ. ಮನ್ಯಾಗ ಅಡಗಿ ಆಗ್ತೈತಿ” ಎಂದ. ಬೇಜಾರು ಮಾಡಿಕೊಳ್ಳುತ್ತೇನೆಂದು ಹೆದರಿದ್ದ, ಪಾಪ.

ಆಮೇಲೂ ಬಹಳ ವರ್ಷ ಖಾನಾವಳಿ ನಡೆಸಿದೆ. ಯಾರಾದರೂ ದವಾಖಾನೆಯಿಂದ ಬಂದರೆ, ಡಾಕ್ಟರು ಏನಂದರು ಎಂದಷ್ಟೇ ಕೇಳದೆ, ಅವರಂದ ಮಾತನ್ನೇ ಎರಡು ಸಲ ಹೇಳಿಸಿ, ಆಮೇಲೆ ಒಲೆಗೆ ಪಾತ್ರೆ ಇಡುತ್ತಿದ್ದೆ. ಅಂಗಡಿಯವರಿಗೆ ಗಿರಾಕಿ ಹೆಚ್ಚಿದರೆ ಸಂತೋಷ. ನನ್ನ ಕಸುಬೇ ಬೇರೆ. ದಸ್ತಗೀರ ಊಟ ಬಿಟ್ಟ ಮೊದಲ ಸಂಜೆ ಹತ್ತೇ ತಟ್ಟೆ ಹಾಕಿದೆ. ಅಷ್ಟು ಹಗುರವಾಗಿ ನಾನು ಎಂದೂ ಬಡಿಸಿರಲಿಲ್ಲ.