ಜೋಳ ಕಡಿದು ನೋಡುವ ಹಲ್ಲು

೧೯೪೯ರಲ್ಲಿ ನಾನು ಶಾಲೆ ಬಿಟ್ಟೆ. ಐದನೇ ಇಯತ್ತೆ, ಅದೂ ಅರ್ಧಕ್ಕೆ. ಆಮೇಲೆ ಕಲಿತದ್ದೆಲ್ಲ ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ. ಹೆಚ್ಚಿನದು ಹಲ್ಲಿನಿಂದಲೇ.

ಒಣಗಿದ ಜೋಳದ ಕಾಳು ಕಡಿದರೆ ಕಟ್ಟೆಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಹಸಿ ಮಾಲು. ನಮ್ಮದು ಅಡತಿ ಅಂಗಡಿ, ರೈತರ ಮಾಲು ಮಾರಿಸಿಕೊಡುವ ದಲಾಲಿ; ಅಲ್ಲಿ ನಾನು ಕಡಿದ ಮೇಲೆಯೇ ರೇಟು. ರೈತನೂ ಒಪ್ಪುತ್ತಾನೆ, ಕೊಳ್ಳುವವನೂ ಒಪ್ಪುತ್ತಾನೆ. (ತೇವ ಅಳೆಯುವ ಮಷೀನು ಬಂದಿದೆಯಂತೆ. ಬರಲಿ.)

ಹೋದ ವರ್ಷ, ೧೯೭೫ರ ಸುಗ್ಗಿಯಲ್ಲಿ, ಕಾಳೆಂದು ಕಡಿದದ್ದು ಕಲ್ಲಾಗಿತ್ತು. ಕೆಳಗಿನ ಎಡಗಡೆಯ ಹಲ್ಲೊಂದು ಹೋಯಿತು. ತೆಗೆದಿಡುವ ಕಟ್ಟಿನ ಹಲ್ಲು ಹಾಕಿಸೋಣವೆಂದರೆ, ಗಿರಾಕಿಯ ಎದುರು ಜಾರಿದರೆ ಮರ್ಯಾದೆ ಏನಾಗಬೇಕು?

ಮುಂಬೈಯಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಹೊಸ ದಾರಿ ತೋರಿಸಿದರು. ದವಡೆಯ ಎಲುಬಿನೊಳಗೆ ಲೋಹದ ಪಟ್ಟಿ, ಅದರ ಮೇಲೆ ಹಲ್ಲು. ಅಪಾಯವನ್ನೂ ಮುಚ್ಚಿಡಲಿಲ್ಲ.

“ಕೀವು ಆಗಬಹುದ್ರಿ. ಎಲುಬು ಹಿಡೀಲಿಲ್ಲಂದ್ರ ಪಟ್ಟಿ ಸಡಲ ಆಗ್ತದ. ನರಕ್ಕ ಪೆಟ್ಟು ಬಿತ್ತಂದ್ರ ತುಟಿ ಜೋಮು ಹಿಡದಂಗ ಇರ್ತದ. ಗಾಯ ಮಾಯೋತನಾ ಗಟ್ಟಿ ಏನೂ ತಿನಬ್ಯಾಡ್ರಿ. ತಿಳೀತ?”

“ತಿಳೀತ್ರಿ ಸಾಹೇಬ್ರ.”

ಆಪರೇಷನ್ ಆಯಿತು. ನಾನು ಗಟ್ಟಿ ಏನೂ ತಿನ್ನಲಿಲ್ಲ. ಮನೆಯಲ್ಲಿ ಹೆಂಡತಿ ಅಂಬಲಿ ಕಾಸಿಟ್ಟು, “ಈ ವಯಸ್ಸಿನಾಗ ಕೂಸು ಸಾಕೂದು ಬಂತಲ್ರಿ ನನಗ” ಎಂದು ನಕ್ಕಳು.

ಅಷ್ಟರಲ್ಲಿ ಅಕ್ಕಲಕೋಟೆ ಕಡೆಯ ತಡವಳದಿಂದ ಹಳೆಯ ಪರಿಚಯದ ರೈತರೊಬ್ಬರು ಜೋಳ ತಂದರು. ನಾನು ಕಾಳನ್ನು ಅಂಗೈಯಲ್ಲಿ ಹೊರಳಿಸಿ ರೇಟು ಹೇಳಿದೆ.

“ಏನ್ ಸಾವ್ಕಾರ, ಬರೇ ನೋಡಿ ಹೇಳಾಕ ಇದೇನು ಕನ್ಯಾ ನೋಡೂ ಕಾರ್ಯೇನ್ರಿ?”

ಸುತ್ತಲಿನ ಹಮಾಲರೂ ನಕ್ಕರು. ಕಡಿದೆ. ಅಭ್ಯಾಸ ಎಡಗಡೆಯದು, ಎಡಗಡೆಯೇ ಕಡಿದೆ. ಮರುದಿನವೂ ಕಡಿದೆ. ಕಾಳು ನೋಡುವುದು ಊಟವೇ? ಉಗುಳುತ್ತೇವಲ್ಲ!

ವಾರದೊಳಗೆ ದವಡೆ ಬಾತು ಕೀವಾಯಿತು. ಪಟ್ಟಿ ಸಡಿಲಾಯಿತು. ಅದನ್ನು ತೆಗೆಯುವಾಗ ಪಕ್ಕದ ಹಲ್ಲೂ ಹೋಯಿತು. ಕೆಳತುಟಿಯ ಎಡ ಅರ್ಧಕ್ಕೆ ಚಹಾ ಬಿಸಿಯೋ ತಣ್ಣಗೋ ಇವತ್ತಿಗೂ ಗೊತ್ತಾಗುವುದಿಲ್ಲ.

“ಏನ್ ತಿಂದ್ರಿ?” ಎಂದರು ಡಾಕ್ಟರು.

“ಏನೂ ತಿಂದಿಲ್ರಿ.”

ನಿಜವನ್ನೇ ಹೇಳಿದ್ದೆ. ಹಲ್ಲು ಹಾಕಿಸಿಕೊಳ್ಳುವವರು ಡಾಕ್ಟರಿಗೆ ರೋಗ ಹೇಳಿದರೆ ಸಾಲದು, ಕಸುಬನ್ನೂ ಹೇಳಬೇಕು. ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಬಲಗಡೆ ಕಡಿಯುತ್ತೇನೆ. ರೇಟು ತಪ್ಪಿಲ್ಲ.

ಅಂಗಡಿ ಒಂದು, ತಕ್ಕಡಿ ಎರಡು, ಹಲ್ಲು ಮೂವತ್ತು, ತುಟಿ ಒಂದೂವರೆ.