ಕಣ್ಣಿನ ಎತ್ತರ

ಎತ್ತರ ಅಳೆಯುವುದು ನನ್ನ ಹೊಟ್ಟೆಪಾಡು. ವಿಶಾಖಪಟ್ಟಣದ ಕಾರ್ಖಾನೆಯೊಂದರ ಸರ್ವೇ ವಿಭಾಗದಲ್ಲಿದ್ದವನನ್ನು ತೊಂಬತ್ತರ ದಶಕದ ಆರಂಭದಲ್ಲಿ ವಿಜಯವಾಡದ ಹತ್ತಿರ ಚಿಮಣಿ ಕಟ್ಟುವ ಕೆಲಸಕ್ಕೆ ಹಾಕಿದರು. ಚಿಮಣಿ ಮೇಲೇರಿದಂತೆಲ್ಲ, ಕೋನ ಅಳೆಯುವ ದುರ್ಬೀನನ್ನು ಮೂರು ಕಾಲಿನ ಮೇಲೆ ಕೂರಿಸಿ, ಎಷ್ಟು ಎತ್ತರ ಬಂತು, ನೆಟ್ಟಗಿದೆಯೇ ಎಂದು ಲೆಕ್ಕ ಹಾಕುವುದು ನನ್ನ ಪಾಲು. ಮಗಳು ಆಗ ಹತ್ತನೆಯ ತರಗತಿ. ಈ ವರ್ಷ ಶಾಲೆ ಬದಲಿಸುವುದು ಬೇಡವೆಂದು ಅವಳೂ ಅವಳಮ್ಮನೂ ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲೇ ಉಳಿದರು. ನಾನು ವಿಜಯವಾಡದ ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯೊಂದರಲ್ಲಿ ಕೋಣೆ ಹಿಡಿದೆ.

ಧಾರವಾಡದ ಕಡೆಯವನು ನಾನು. ಸ್ವಲ್ಪ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಅಲ್ಲಿ ನನಗೆ ಕನ್ನಡದಲ್ಲಿ ಬೈಯಲೂ ಒಬ್ಬರು ಸಿಗುತ್ತಿರಲಿಲ್ಲ. ಇಡೀ ದಿನ ತೆಲುಗಿನಲ್ಲಿ ಎಡಕ್ಕೆ, ಬಲಕ್ಕೆ, ನಿಲ್ಲಿಸು ಎಂದು ಕೂಗಿ, ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ರಜೆಯ ದಿನ ಕೃಷ್ಣಾ ನದಿಯ ಮೆಟ್ಟಿಲ ಮೇಲೆ ಕೂತು, ತೋಳು ಚಾಚಿ, ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಎಷ್ಟು ಮುಷ್ಟಿ ಎತ್ತರವೆಂದು ಅಳೆಯುತ್ತಿದ್ದೆ. ಚಾಚಿದ ಕೈಯ ಒಂದು ಮುಷ್ಟಿ ಅಂದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ. ಪಕ್ಕದಲ್ಲಿ ಕೂತವರು ದೇವಿಗೆ ಕೈ ಎತ್ತಿದ್ದಾನೆ ಅಂದುಕೊಳ್ಳುತ್ತಿದ್ದರು, ಪಾಪ. ಬೇಸರವಾಗುತ್ತಿತ್ತು, ಅಷ್ಟೇ.

ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು. ಹೆಂಡತಿ ಊರ ಸುದ್ದಿಯೆಲ್ಲ ಹೇಳಿ ಮಗಳ ಕೈಗೆ ಕೊಡುತ್ತಿದ್ದಳು. ಅವಳು ನನ್ನನ್ನು ಅಪ್ಪಾ ಎನ್ನುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ತೆಲುಗು ಗೆಳತಿಯರ ಹಾಗೆ ನಾನ್ನಾ ಎನ್ನುತ್ತಿದ್ದಳು. ಅವಳ ಕನ್ನಡ ಮೂರು ಮಾತಿಗೆ ಇಳಿದಿತ್ತು: ಊಟ ಆಯ್ತಾ, ಯಾವಾಗ ಬರ್ತೀರಿ, ಇಡಲಾ. ಇಡಲಾ ಅಂದಾಗ ಫೋನು ಇಡು ಅನ್ನುತ್ತಿದ್ದೆ. ಇನ್ನೂ ಎರಡು ಮಾತಾಡು ಎಂದು ಹೆತ್ತ ಮಗಳನ್ನು ಬೇಡಿಕೊಳ್ಳುವುದು ಹೇಗೆ?

ಚಳಿಗಾಲದಲ್ಲಿ ಅವಳ ಗಣಿತದಲ್ಲಿ ಉನ್ನತ ಕೋನದ ಪಾಠ ಬಂತು. ನೆಲಕ್ಕೆ ಸಮವಾಗಿ ನೋಡುತ್ತಿದ್ದ ಕಣ್ಣನ್ನು ಮೇಲಿನ ವಸ್ತುವಿನತ್ತ ಎಷ್ಟು ಎತ್ತಬೇಕೋ ಅಷ್ಟು ಕೋನ. ಅವಳಿಗೆ ತಲೆಬುಡ ತಿಳಿಯಲಿಲ್ಲವಂತೆ. ಅವಳೇ ಫೋನು ಕಿತ್ತುಕೊಂಡು ಕೇಳಿದಳು. ಅಯ್ಯೋ, ಅವತ್ತಿನ ನನ್ನ ಸಂಭ್ರಮ! ಬೂತಿನ ಗಾಜಿನ ಮೇಲೆ ಬೆರಳಿನಿಂದ ತ್ರಿಕೋನ ಬರೆಯುತ್ತಾ ಬಾಯಿತುಂಬ ಮಾತಾಡಿದೆ. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರು. ಬಡಿದುಕೊಳ್ಳಲಿ ಎಂದು ಬಿಟ್ಟೆ.

ಅಲ್ಲಿಂದ ಪ್ರತಿ ವಾರ ಒಂದೊಂದು ಲೆಕ್ಕ. ಪಾಠ ಮುಗಿದರೆ ನಾವು ಮತ್ತೆ ಊಟ ಆಯ್ತಾ ಎಂಬಲ್ಲಿಗೇ ಬಂದು ನಿಲ್ಲುತ್ತೇವೆಂದು ನನಗೆ ಗೊತ್ತಿತ್ತು. ಆ ಭಯಕ್ಕೇ ಪಾಠವನ್ನು ಎಳೆದೆ. ಪುಸ್ತಕದ ಲೆಕ್ಕದಲ್ಲಿ ನೋಡುವವನಿಗೆ ಮೈಯೇ ಇರುವುದಿಲ್ಲ, ಕಣ್ಣು ನೆಲದಲ್ಲೇ ನೆಟ್ಟಿರುತ್ತದೆ ಎಂದು ಪುಸ್ತಕ ಬರೆದವರನ್ನು ಚೆನ್ನಾಗಿ ಬೈದೆ. ಅವಳು ಕಿಲಕಿಲ ನಕ್ಕಳು. ಕಾಗದದ ಲೆಕ್ಕ ಸಾಕು, ನೀನೇ ಅಳೆ ಎಂದು ಸಾಧನ ಮಾಡುವುದನ್ನು ಹೇಳಿಕೊಟ್ಟೆ. ಕೋನಮಾಪಕವನ್ನು ತಲೆಕೆಳಗು ಹಿಡಿದು, ಮೇಲೆ ಬಂದ ನೇರ ಅಂಚಿಗೆ ಖಾಲಿ ಪೆನ್ನಿನ ಕೊಳವೆ ಅಂಟಿಸಬೇಕು. ನಡುವಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಡಬೇಕು. ಶಾಲೆಯ ಬಾವುಟದ ಕಂಬದ ತುದಿಯನ್ನು ಕೊಳವೆಯಲ್ಲಿ ನೋಡುತ್ತಾ ಹಿಂದೆ ಹಿಂದೆ ಸರಿಯಬೇಕು. ದಾರ ನಲವತ್ತೈದರ ಗೆರೆಗೆ ಬಂದಲ್ಲಿ ನಿಂತರೆ ಆಯಿತು. ಅಲ್ಲಿಂದ ಕಂಬದ ಬುಡಕ್ಕೆ ಎಷ್ಟು ದೂರವೋ, ಕಣ್ಣಿನಿಂದ ಮೇಲಕ್ಕೆ ಕಂಬ ಅಷ್ಟೇ ಎತ್ತರ.

“ಕಣ್ಣಿನಿಂದ ಮ್ಯಾಲಕ್ಕ ಅಷ್ಟs ನೋಡವಾ,” ಅಂದೆ. “ನೆಲದಿಂದ ನಿನ್ನ ಕಣ್ಣಿನ ತನಕ ಇರೋದು ಉಳೀತು. ನಿಂತವರ ಎತ್ತರ ಕೂಡಿಸದs ಬಿಡಬ್ಯಾಡ.”

ಮುಂದಿನ ಭಾನುವಾರ ಅವಳು ಟೇಪು ಹಿಡಿದು ಅಳೆದ ದೂರ ಹೇಳಿದಳು. ಕಣ್ಣಿನ ಎತ್ತರವನ್ನು ನಾನು ಕೇಳಲಿಲ್ಲ. ಕೇಳುವುದೇನು ಬಂತು, ನನಗೆ ಬಾಯಿಪಾಠ. ಪ್ರತಿ ಯುಗಾದಿಗೆ ಎಣ್ಣೆನೀರು ಆದಮೇಲೆ ಅವಳನ್ನು ಅಡುಗೆಮನೆಯ ಬಾಗಿಲಿಗೆ ಆನಿಸಿ ನಿಲ್ಲಿಸಿ ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುವುದು ನಾನೇ. ಆ ಗೆರೆಯಿಂದ ಹಣೆಯಷ್ಟು ಕಳೆದು, ದೂರಕ್ಕೆ ಕೂಡಿಸಿ ಉತ್ತರ ಹೇಳಿದೆ. ಅವಳ ಉತ್ತರ ಬೇರೆ ಇತ್ತು. ನನ್ನದಕ್ಕಿಂತ ಮೂರು ಬೆರಳಿನಷ್ಟು ಜಾಸ್ತಿ.

ನನ್ನ ಸಿಟ್ಟು ಏರಿತು. ಟೇಪು ಜೋತುಬಿದ್ದಿರಬೇಕು, ಮತ್ತೆ ಅಳೆ ಎಂದು ಗದರಿದೆ. ಗೆಳತಿಯ ಕೈಯಲ್ಲಿ ಹಿಡಿಸಿ ಎರಡು ಸಲ ಅಳೆದೆ ಎಂದಳು. ಕೂಡಿಸುವುದರಲ್ಲಿ ತಪ್ಪಿದ್ದೀಯ ಎಂದೆ. ಇಲ್ಲ ಎಂದಳು. ಆಮೇಲೆ ಸಮಾಧಾನವಾಗಿ, ಮೇಷ್ಟರು ಹುಡುಗನನ್ನು ಕೇಳುವ ಹಾಗೆ, ನೀವು ನನ್ನ ಕಣ್ಣಿನ ಎತ್ತರ ಎಷ್ಟು ಹಾಕಿದಿರಿ ಎಂದು ಕೇಳಿದಳು. ಹೇಳಿದೆ.

“ಅದು ಯುಗಾದಿದು ಕದಾ, ನಾನ್ನಾ,” ಎಂದಳು. “ಈಗ ನಾನು ಅಮ್ಮನ್ನ ದಾಟೀನಿ.”

ಆ ಯುಗಾದಿ ಮುಗಿದ ಮೇಲೆ ಬೇಸಿಗೆಯಲ್ಲೇ ನಾನು ಹೊರಟುಬಂದಿದ್ದೆ. ದಸರೆಗೆ ಹೋದಾಗ ಅವಳು ಪುಸ್ತಕದ ಮುಂದೆ ಕೂತೇ ಇದ್ದಳು. ನಾನೂ ಕೂತೇ ಮಾತಾಡಿಸಿ ರೈಲು ಹತ್ತಿದ್ದೆ. ಮೂರು ಬೆರಳು ಅಂದರೆ ಆ ಪೆನ್ನಿನ ಕೊಳವೆಯ ಸಾಧನಕ್ಕೆ ಲೆಕ್ಕವೇ ಅಲ್ಲ. ದಾರ ಒಂದಿಷ್ಟು ಅಲ್ಲಾಡಿದರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ನನ್ನ ಕೈಕೆಳಗಿನವರು ಯಾರಾದರೂ ತಂದಿದ್ದರೆ ಬಿಡಪ್ಪಾ, ನಡೀತದೆ ಅನ್ನುತ್ತಿದ್ದೆ. ಅವತ್ತು ಹಾಗೆನ್ನಲು ಆಗಲಿಲ್ಲ. ನಿನ್ನ ಉತ್ತರವೇ ಸರಿ ಎಂದೆ.

“ಇಡಲಾ?” ಎಂದಳು.

ಕೋಣೆಗೆ ಬಂದು, ಅವಳ ಉತ್ತರದಿಂದ ದೂರ ಕಳೆದು ಉಳಿದ ಅವಳ ಕಣ್ಣಿನ ಎತ್ತರವನ್ನು ನೆಲದಿಂದ ಟೇಪು ಹಿಡಿದು ಅಳೆದು ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ನಾನೇನೂ ಉದ್ದದ ಆಳಲ್ಲ. ಹುಟ್ಟಿದಾಗಿನಿಂದ ಆ ಮಗುವನ್ನು ಕತ್ತು ಬಗ್ಗಿಸಿಯೇ ನೋಡಿ ಅಭ್ಯಾಸ. ಗೆರೆಯ ಎದುರು ಚಪ್ಪಲಿ ಬಿಟ್ಟು ನೆಟ್ಟಗೆ ನಿಂತೆ. ಗೆರೆ ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. ಕತ್ತು ಬಗ್ಗಿಸಬೇಕಾಗಲಿಲ್ಲ.