ಮಿಣುಕು ಮಾಮ ಕೋಣೆ ಖಾಲಿ ಮಾಡಿದ್ದು

ಮಂಡಿ ನೋವಿನಿಂದ ಶುರುವಾದ ಕಥೆ ಇದು. ನೋವು ಅತ್ತೆಯದು, ಕಥೆ ಮಾಮನದು. ಗಂಡಹೆಂಡತಿ ಇಬ್ಬರೂ ಬೀದಿಗೆಲ್ಲ ಅತ್ತೆ-ಮಾಮ, ನಮಗೂ ಹಾಗೇ ಇರಲಿ.

ಮಾಮ ಕಂಪ್ಯೂಟರ್ ರಿಪೇರಿಯವನು. ಈಗಿನ ತೆಳ್ಳಗಿನ ಕಂಪ್ಯೂಟರ್ ಅಂದುಕೊಳ್ಳಬೇಡಿ. ಎತ್ತಿದರೆ ಸೊಂಟ ಹಿಡಿಯುವಂಥ, ಬೆನ್ನಿಗೆ ಗೂನಿದ್ದ ಕಾಲದವು. ಸತ್ತು ಬಿದ್ದ ಯಂತ್ರದ ಮುಂದೆ ಊಟ ತಿಂಡಿ ಮರೆತು ಕೂರುವನು. ಅದರ ಹಸಿರು ದೀಪ ಒಮ್ಮೆ ಕಣ್ಣು ಹೊಡೆದರೆ ಸಾಕು, "ಮಿಣುಕ್ತು! ಮಿಣುಕ್ತು!" ಎಂದು ಬೀದಿಗೆ ಕೇಳುವಂತೆ ಕೂಗುವನು. ಹಾಗಾಗಿ ಅವನು ಮಿಣುಕು ಮಾಮ. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಮನೆ ಚಿಕ್ಕದು. ಕೆಳಗೆ ಅಡುಗೆಮನೆ, ಬಚ್ಚಲು, ಬೀದಿಗೆ ಕಿಟಕಿಯಿದ್ದ ಒಂದು ಕೋಣೆ. ಮಲಗುವುದು ಮೇಲೆ, ಏಣಿಯ ತಂಗಿಯಂಥ ಕಡಿದಾದ ಮೆಟ್ಟಿಲು ಹತ್ತಿ. ಕೆಳಗಿನ ಕೋಣೆಯಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಕೀಬೋರ್ಡುಗಳು ಇಟ್ಟಿಗೆಯ ಹಾಗೆ ಪೇರಿಕೊಂಡಿದ್ದವು. ಮಾನಿಟರುಗಳು ಮುನಿಸಿಕೊಂಡವರಂತೆ ಗೋಡೆಗೆ ಮುಖ ಮಾಡಿ ಕೂತಿದ್ದವು. ಮೊಳೆಗಳಲ್ಲಿ ವೈರುಗಳು ಜಡೆ ಜಡೆಯಾಗಿ ನೇತಾಡುತ್ತಿದ್ದವು.

ಒಂದು ದಿನ ಅತ್ತೆಯ ಮಂಡಿಗಳು ಮೆಟ್ಟಿಲಿನ ಜೊತೆ ಮಾತು ಬಿಟ್ಟವು. "ಇನ್ಮೇಲೆ ಮಹಡಿ ಹತ್ತೋದು ಬೇಡಮ್ಮ, ಮಂಚ ಕೆಳಗೆ ಹಾಕಿಸ್ಕೊಳ್ಳಿ," ಅಂದರು ಡಾಕ್ಟರಮ್ಮ. ಮಂಚ ಇಳಿಯಬೇಕಾದರೆ ಕೋಣೆ ಖಾಲಿಯಾಗಬೇಕು.

"ಅಷ್ಟೇ ತಾನೇ? ಈ ವಾರದಲ್ಲೇ ಮಾಡಿಬಿಡ್ತೀನಿ," ಅಂದ ಮಾಮ.

ಅವನದೊಂದು ನೇಮವಿತ್ತು: ಓಡುವ ಸಾಮಾನನ್ನು ಗುಜರಿಗೆ ಹಾಕಬಾರದು. ಕೆಟ್ಟದ್ದು ಬಾಗಿಲ ಬಳಿ, ಓಡುವುದು ಗೋಡೆಯ ಬಳಿ. ನ್ಯಾಯವೇ. ಆದರೆ ಕೆಟ್ಟದ್ದು ನಿಜವಾಗಿ ಕೆಟ್ಟಿದೆಯೋ ಇಲ್ಲವೋ ನೋಡಬೇಡವೇ? ಒಂದರ ಮೆಮೊರಿ ಕಾರ್ಡನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ, ಎದ್ದು ಕೂತಿತು. ಇನ್ನೊಂದರಲ್ಲಿ ಉಬ್ಬಿದ ಕೆಪಾಸಿಟರ್ ಕಿತ್ತು ಬೇರೆಯದನ್ನು ಬೆಸೆದ, ಅದೂ ಎದ್ದು ಕೂತಿತು. ಬಾಗಿಲ ಬಳಿಯ ರಾಶಿ ಕರಗುತ್ತ ಹೋಯಿತು, ಗೋಡೆಯ ಬಳಿಯದು ಬೆಳೆಯುತ್ತ ಹೋಯಿತು. ಹೊರಟು ನಿಂತ ನೆಂಟರೆಲ್ಲ ಮತ್ತೆ ಚಪ್ಪಲಿ ಬಿಚ್ಚಿ ಒಳಗೆ ಬಂದ ಹಾಗಾಯಿತು.

ಗುಜರಿಯವನು ತಳ್ಳುಗಾಡಿ ತಂದ. ಮಾಮ ಅವನಿಗೆ ಏನನ್ನೂ ಕೊಡಲಿಲ್ಲ. ಮೇಲಾಗಿ ಗಾಡಿಯೊಳಗಿದ್ದ ಒಂದು ಕೀಬೋರ್ಡನ್ನು ಎತ್ತಿ, "ಇದು ಕೆಟ್ಟಿಲ್ವಲ್ಲೋ!" ಎಂದು ಒಳಗೆ ಒಯ್ದ.

"ಮಾಮ, ನಾನು ಸಾಮಾನು ತಗೊಳ್ಳೋಕೆ ಬಂದಿದ್ದು, ಕೊಡೋಕಲ್ಲ!" ಎಂದು ಅವನು ತಲೆ ಚಚ್ಚಿಕೊಂಡ.

ಆ ಹೊತ್ತಿಗೆ ಅತ್ತೆ ಮೆಟ್ಟಿಲ ನಡುವೆ ಕೂತಿದ್ದಳು. ಹೊದಿಕೆ ತರಲು ಹೊರಟವಳು ಮೇಲಕ್ಕೂ ಹೋಗಲಾರಳು, ಕೆಳಕ್ಕೂ ಬರಲಾರಳು. "ಏನ್ರೀ, ಗಾಡಿ ಇನ್ನೂ ಬಾಗಿಲಲ್ಲೇ ಇದೆಯಾ? ಖಾಲಿ ಯಾಕೆ ಕಳಿಸ್ತೀರಿ, ನನ್ನನ್ನಾದ್ರೂ ಹಾಕಿ ಕಳಿಸಿ."

ಮಾಮ ಕೀಬೋರ್ಡನ್ನು ಕಂಕುಳಲ್ಲೇ ಇಟ್ಟುಕೊಂಡು ಬಂದು, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಅದರ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಆಮೇಲೆ, "ಇವೆಲ್ಲ ಹೋದ್ರೆ ನಮ್ಮ ಬಾಗಿಲಿಗೆ ಯಾರು ಬರ್ತಾರೆ ಹೇಳು?" ಅಂದ.

ಅತ್ತೆಗೆ ಬೈಗುಳ ಬಾಯಿ ತನಕ ಬಂದಿತ್ತು, ನುಂಗಿಕೊಂಡಳು. "ಬರೋರು ಸಾಮಾನಿಗೆ ಬರ್ತಾರೋ ನಿಮಗೆ ಬರ್ತಾರೋ, ನೋಡೇಬಿಡೋಣ. ಬದುಕಿಸೋದು ನಿಮ್ಮ ಕೆಲಸ. ಬದುಕಿದ್ದನ್ನ ದಾಟಿಸೋದು ನನ್ನ ಕೆಲಸ. ನಡುವೆ ಬಾಯಿ ಹಾಕಕೂಡದು."

ಮರುದಿನದಿಂದ ಅತ್ತೆ ಸಾಮಾನು ಸರಿಸಿ ಬೀದಿಯ ಕಿಟಕಿಗೆ ಕುರ್ಚಿ ಹಾಕಿಕೊಂಡಳು. ಹೋಗುವವರನ್ನೂ ಬರುವವರನ್ನೂ ಬಿಡದೆ, "ನಿಮ್ಮ ಕಡೆ ಹಳೇ ಕಂಪ್ಯೂಟರ್ ಯಾರಿಗಾದ್ರೂ ಕೈ ಕೊಟ್ಟಿದೆಯಾ?" ಎಂದು ಕೇಳಿದಳು. ಕೇಳಿದವರು ಮೊದಲು ನಕ್ಕರು, ಆಮೇಲೆ ಹೋಗಿ ನಾಲ್ಕು ಜನಕ್ಕೆ ಹೇಳಿದರು.

ಮೊದಲು ಬಂದವಳು ಕಾಲುಚೀಲ ಹೆಣೆಯುವವಳು. ಅವಳ ಹೆಣಿಗೆ ಯಂತ್ರಕ್ಕೆ ಚಿತ್ತಾರ ಹೇಳಿಕೊಡುವುದು ಒಂದು ಮುದಿ ಕಂಪ್ಯೂಟರು, ಅದು ಅಂಗೈಯಗಲದ ಹಳೇ ಫ್ಲಾಪಿ ತಟ್ಟೆ ಬಿಟ್ಟು ಬೇರೇನನ್ನೂ ಓದದು. ಫ್ಲಾಪಿ ಡ್ರೈವ್ ಹಾಳಾಗಿ ಯಂತ್ರ ನಿಂತಿತ್ತು. ಮಾಮ ಡ್ರೈವ್ ತಂದ, ಆದರೆ ಕೈಯಿಂದ ಬಿಡಲೊಲ್ಲ. "ಧೂಳಿದೆಯಾ ನಿಮ್ಮಲ್ಲಿ? ಗೋಡೆ ಒದ್ದೆಯಾ? ಎಲ್ಲರೂ ಮುಟ್ತಾರಾ?"

"ಫ್ಲಾಪಿ ಡ್ರೈವ್ ಕೊಡ್ತಿದ್ದೀರೋ, ಮಗಳನ್ನ ಕೊಡ್ತಿದ್ದೀರೋ?" ಅಂದಳು ಅತ್ತೆ. "ಇನ್ನೊಂದನ್ನೂ ತಗೊಂಡು ಹೋಗಮ್ಮ, ಜೊತೆಗಿರಲಿ."

ಆಮೇಲೆ ಲಾರಿ ತೂಗುವ ವೇಬ್ರಿಡ್ಜಿನವನು ಬಂದ. ಮೂರು ಪ್ರತಿ ಒಟ್ಟಿಗೆ ಒತ್ತುವ, ಕರ್ರೋ ಎಂದು ಅರಚುವ ಹಳೇ ಪ್ರಿಂಟರೇ ಅವನಿಗೆ ಬೇಕಿತ್ತು. ಮೊಳೆಯ ಮೇಲಿನ ವೈರಿನ ಜಡೆಗಳನ್ನೂ ಅತ್ತೆ ಅವನ ಹೆಗಲಿಗೇ ಹಾಕಿಸಿ ಕಳಿಸಿದಳು. ಕೀಬೋರ್ಡುಗಳು, ಓಡುವ ಕಂಪ್ಯೂಟರು ಮಾನಿಟರುಗಳು ಟೈಪಿಂಗ್ ಕಲಿಸುವವಳ ಮನೆ ಸೇರಿದವು. ಒಂದು ಮಾನಿಟರು ಮಾತ್ರ ಮಾಮ ಏನು ಮಾಡಿದರೂ ಮಿಣುಕಲಿಲ್ಲ. ಅದನ್ನು ಅವನೇ ಒರೆಸಿ, ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ತಳ್ಳುಗಾಡಿಯಲ್ಲಿಟ್ಟ. ಗುಜರಿಯವನು ತಮಾಷೆ ಮಾಡಲು ಬಾಯಿ ತೆರೆದವನು ಮಾಮನ ಮುಖ ನೋಡಿ ಸುಮ್ಮನೆ ಗಾಡಿ ತಳ್ಳಿದ.

ಮಂಚ ಇಳಿಯಿತು. ಅತ್ತೆ ಕಿಟಕಿಯ ಪಕ್ಕದಲ್ಲಿ ಕಾಲು ಚಾಚಿ ಮಲಗಿದಳು. ಎಷ್ಟೋ ದಿನಗಳ ನಂತರ ಅವಳಿಗೆ ನಿದ್ದೆ ಹತ್ತಿತು. ನಿದ್ದೆ ಬಿಟ್ಟದ್ದು ಮಾಮನಿಗೆ. ಬೆಳಗಾದರೆ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಹೊಸ್ತಿಲಲ್ಲಿ ಕೂರುವನು, ಬೀದಿ ನೋಡುವನು. ಒಂದು ನರಪಿಳ್ಳೆಯೂ ಬಾಗಿಲಿಗೆ ಬರಲಿಲ್ಲ. ಅತ್ತೆ ನೋಡಿಯೂ ನೋಡದಂತೆ ಇದ್ದಳು, ಆದರೆ ಕಿಟಕಿಯಿಂದ ಅವಳೂ ಬೀದಿಯ ತಿರುವನ್ನೇ ಕಾಯುತ್ತಿದ್ದಳು.

ಕೊನೆಗೊಂದು ದಿನ ಕಬ್ಬಿಣ ಕಡೆಯುವ ಲೇತ್ ಕೆಲಸದವನು ಎಣ್ಣೆಗೈ ಒರೆಸುತ್ತ ಬಂದ. "ಮಾಮ, ನಮ್ಮ ಲೇತ್ ಓಡಿಸೋ ಕಂಪ್ಯೂಟರಿನ ಫ್ಲಾಪಿ ಡ್ರೈವ್ ನಿಂತುಹೋಗಿದೆ."

"ನನ್ನ ಹತ್ರ ಏನೂ ಇಲ್ಲಪ್ಪ," ಅಂದ ಮಾಮ, ನೆಲ ನೋಡುತ್ತ.

ಒಳಗಿನಿಂದ ಅತ್ತೆಯ ದನಿ ಬಂತು. "ಇಲ್ಲ ಅನ್ನಬೇಡಿ! ಕಾಲುಚೀಲದವಳ ಹತ್ರ ಎರಡಿದೆ, ಒಂದು ಸುಮ್ನೆ ಕೂತಿದೆ. ನಾನು ಹೇಳಿದೆ ಅಂತ ಹೇಳಿ ಇಸ್ಕೊಳ್ಳಿ. ಕೇಬಲ್ ಬೇಕಾದ್ರೆ ವೇಬ್ರಿಡ್ಜಿನಲ್ಲಿ ಕೇಳಿ."

"ತಂದ್ರೆ ಸಾಕಾ ಅತ್ತೆ? ಕೂರಿಸೋರು ಯಾರು?" ಅಂದ ಲೇತಿನವನು. "ಮಾಮನೇ ಬರಬೇಕು."

ಮಾಮ ಆಗಲೇ ಚಪ್ಪಲಿ ಹುಡುಕುತ್ತಿದ್ದ.

"ರೀ!" ಎಂದು ಕೂಗಿದಳು ಅತ್ತೆ. "ಬರ್ತಾ ಏನನ್ನೂ ತರಬೇಡಿ!"

ಸಂಜೆ ಅವನು ಬಂದಾಗ ಅವಳು ಮೊದಲು ನೋಡಿದ್ದು ಅವನ ಕೈ. ಅಲ್ಲೊಂದು ಪೊಟ್ಟಣವಿತ್ತು.

"ಕಾಲುಚೀಲದವಳು ಕೊಟ್ಟಳು," ಅಂದ ಮಾಮ, ಕದ್ದು ಸಿಕ್ಕಿಬಿದ್ದವನ ಹಾಗೆ. ಬಿಚ್ಚಿದರೆ ಒಂದು ಜೊತೆ ಉಣ್ಣೆಯ ಕಾಲುಚೀಲ. ಅಂಚಿಗೆ ಎಲೆಯ ಚಿತ್ತಾರ, ಮಂಡಿ ದಾಟಿ ಮೇಲೆ ಬರುವಷ್ಟು ಉದ್ದ.

ಅತ್ತೆ ಎಳೆದು ಬಿಟ್ಟು, ತಿರುಗಿಸಿ ನೋಡಿ, ಹಾಕಿಕೊಂಡಳು. "ಇದು ಹೊಸದು," ಅಂದಳು. "ಒಳಗೆ ಬರಲಿ."